ಗೋಣಿ ಕಟ್ಟಿದ ಬಾಯಿ

ಹಳಿಯ ಮೇಲೆ ಬಿಸಿಲು ನೀರಿನ ಹಾಗೆ ನಡುಗುತ್ತಿದೆ, ನೀರಲ್ಲ ಅಂತ ಗೊತ್ತು, ಆದರೂ ಸಿಗ್ನಲ್ ಕಂಬದ ಬುಡ ಆ ಇಲ್ಲದ ನೀರಿನಲ್ಲಿ ಮುರಿದು ಎರಡಾಗಿ ನಿಂತಿದೆ, ಸ್ಟೇಷನ್ನಿನಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ ಅಜ್ಜಿಯ ಮೊಣಕಾಲಿಗೆ ಹೊದಿಸಿದ ಶಾಲಿನ ಮೇಲೆ ಗುಲಗಂಜಿಯಂಥ ಕೆಂಪು ಹುಳವೊಂದು ಹತ್ತುತ್ತಿದೆ — ಯಾರ್ಕ್‌ಷೈರಿನಲ್ಲಿ ಇಷ್ಟು ಬಿಸಿಲೇ ಎಂದು ಎಲ್ಲರೂ ಬೆವರೊರೆಸಿಕೊಳ್ಳುವ ಈ ಜುಲೈನಲ್ಲೂ ಅವಳಿಗೆ ಶಾಲು ಬೇಕು, ಎದೆಯೊಳಗಿನ ಒಲೆ ಆರ್ತಾ ಬಂತು ಪುಟ್ಟಿ, ಕಲ್ಲಿದ್ದಲು ಹಾಕೋನು ನಿದ್ದೆ ಹೊಡೀತಿದಾನೆ, ಅನ್ನುತ್ತಾಳೆ, ಅಂದು ತಾನೇ ನಗುತ್ತಾಳೆ, ನಕ್ಕರೆ ಕೆಮ್ಮು, ಕೆಮ್ಮಿದರೆ ತುಟಿ ನೀಲಿ. ಹುಳ ಅವಳ ಬೆರಳಿಗೆ ಬಂತು, ಅವಳಿಗೆ ಕಾಣುವುದಿಲ್ಲ, ಕಣ್ಣು ಹೋಗಿ ಎಷ್ಟೋ ಕಾಲವಾಯಿತು, ಬೆರಳು ಮಾತ್ರ ಒಮ್ಮೆ ಅಲುಗಿ ಸುಮ್ಮನಾಯಿತು, ಹುಳಕ್ಕೆ ದಾರಿ ಬಿಟ್ಟ ಹಾಗೆ. ಇದೇ ಬೆರಳುಗಳು ಬೆಳಿಗ್ಗೆ ಆಲೂಗಡ್ಡೆ ಸುಲಿದವು, ಮುಟ್ಟಿ ಮುಟ್ಟಿ, ಒಂದು ಮೊಳಕೆ ಕಣ್ಣನ್ನೂ ಬಿಡದೆ, ಅಮ್ಮ ಬೇಡ ಬೇಡ ಅಂದರೂ ಕೇಳದೆ ಸುಲಿದು ಪಾತ್ರೆಗೆ ಹಾಕಿ ತಣ್ಣೀರು ಸುರಿದು, ಒಲೆ ಹಚ್ಚಬೇಡಿ, ಅವಳು ಕೂಗಿದ ಮೇಲೇ ಹಚ್ಚೋದು, ಅಂದಳು. ಅವಳು ಅಂದರೆ ಲೇಡಿ ಬ್ರಾಂಬಲ್. ನಮ್ಮ ಮನೆಯಲ್ಲಿ ಸುಮ್ಮನೆ ಅವಳು ಅಂದರೆ ಬೇರೆ ಯಾರೂ ಅಲ್ಲ, ಅಮ್ಮನೂ ಅಲ್ಲ, ರಾಣಿಯೂ ಅಲ್ಲ, ನಾನು ಹುಟ್ಟುವ ಮೊದಲೇ ಗುಜರಿಗೆ ಹೋದ ಒಂದು ಹಸಿರು ಎಂಜಿನ್. ಆಸೆ ಏನಿದೆಯೋ ಮಾಡಿಸಿಬಿಡಿ ಎಂದು ಹೃದಯದ ಡಾಕ್ಟರು ಬಾಗಿಲ ಹೊರಗೆ ಅಮ್ಮನಿಗೆ ಪಿಸುಗುಟ್ಟಿದ್ದು ಅಜ್ಜಿಗೆ ಒಳಗೆ ಕೇಳಿಸಿತ್ತು, ಕಣ್ಣಿನ ಪಾಲೂ ಕಿವಿಗೇ ಬಂದಿದೆಯಲ್ಲ, ಆಸೆ ಅಂದ್ರೆ ಅದೊಂದೇ ಕಣಯ್ಯಾ ಡಾಕ್ಟರೇ, ಅವಳು ಒಂದು ಸಲ ಕೂಗೋದು ಕೇಳ್ಬೇಕು, ಆಮೇಲೆ ನಿನ್ನ ಮಾತ್ರೆನೂ ನುಂಗ್ತೀನಿ, ನಿನ್ನನ್ನೂ ನುಂಗ್ತೀನಿ. ಕೇಳಿಸ್ತೀನಿ ಅಜ್ಜಿ, ಅಂದವಳು ನಾನು. ಅವಳ ಸೀಟಿ ಇರೋ ಎಂಜಿನ್ ಡ್ಯೂಕ್ ಬರುತ್ತೆ ಅಜ್ಜಿ, ಶನಿವಾರ ಮಧ್ಯಾಹ್ನ, ಯಾರ್ಕಿನಿಂದ ಉತ್ತರಕ್ಕೆ, ನಮ್ಮ ಸ್ಟೇಷನ್ ಮೇಲೇ ಹೋಗುತ್ತೆ. ನಾನೇ ಅಂದದ್ದು, ಬೇರೆ ಯಾರೂ ಅಲ್ಲ.

ದೈತ್ಯನ ಎದೆ ಸೀಳಿದರೆ ಒಳಗೆ ಹೃದಯವೇ ಇರಲಿಲ್ಲವಂತೆ, ಅದೊಂದು ಮೊಟ್ಟೆಯೊಳಗಿತ್ತು, ಮೊಟ್ಟೆ ಬಾತುಕೋಳಿಯೊಳಗಿತ್ತು, ಬಾತುಕೋಳಿ ಪಾಳು ಬಾವಿಯೊಳಗಿತ್ತು, ಹಾಗೇ ಕಣೇ ಪುಟ್ಟಿ ಅವಳ ಜೀವವೂ, ಎಂದು ಅಜ್ಜಿ ನನಗೆ ಉಣ್ಣೆಯ ಕಾಲುಚೀಲ ತೊಡಿಸುತ್ತಾ ಹೇಳುತ್ತಿದ್ದಳು, ಅವಳ ಮೈ ಕತ್ತರಿಸಿ ಕರಗಿಸಿದ್ರು, ಯಾರ ಮನೆ ಬಾಣಲೆ ಆದ್ಲೋ, ಯಾವ ಸೇತುವೆ ಮೊಳೆ ಆದ್ಲೋ, ಆದರೆ ಸೀಟಿ ಮಾತ್ರ ಬಿಚ್ಚಿ ಡ್ಯೂಕ್‌ಗೆ ಹಾಕಿದ್ರು, ಗಂಡಸಿನ ಬಾಯಲ್ಲಿ ನಮ್ಮ ಹುಡುಗಿ ಧ್ವನಿ, ಅದಕ್ಕೇ ಅವನಿಗಿಷ್ಟು ಜಂಬ. ಇದನ್ನು ಅಜ್ಜಿಗೆ ಹೇಳಿದವನು ತಾತ, ವಿಲ್ಫ್ ತಾತ, ಲೇಡಿ ಬ್ರಾಂಬಲನ್ನೇ ಓಡಿಸುತ್ತಿದ್ದವನು, ಅವನು ಹೇಳಿದ್ದು ನಿಜವೋ ಅಥವಾ ಅವಳು ಗುಜರಿಗೆ ಹೋದ ದಿನಗಳಲ್ಲಿ ಅಜ್ಜಿ ಎರಡು ತುತ್ತು ಉಣ್ಣಲಿ ಅಂತ ಕಟ್ಟಿದ ಕಥೆಯೋ, ನಾನು ಯಾರನ್ನು ಕೇಳಲಿ, ತಾತ ಇಲ್ಲ, ಚರ್ಚಿನ ಹಿಂದೆ ಸಮಾಧಿಯ ಕಲ್ಲಾಗಿ ನಿಂತಿದ್ದಾನೆ. ಯುದ್ಧದ ಕಾಲ, ಗಂಡಸರೆಲ್ಲ ಬಂದೂಕು ಹಿಡಿದು ಹೋದ ಮೇಲೆ ಯಾರ್ಕಿನ ಎಂಜಿನ್ ಶೆಡ್ಡಿಗೆ ಹುಡುಗಿಯರನ್ನು ಕರೆದರು, ತಲೆಗೆ ವಸ್ತ್ರ ಕಟ್ಟಿ, ಅಣ್ಣನ ಪ್ಯಾಂಟು ತೊಟ್ಟು ಹೋದ ಎಫಿಗೆ, ಅಂದರೆ ನಮ್ಮ ಅಜ್ಜಿಗೆ, ಮೊದಲ ದಿನವೇ ಏಣಿ ಕೊಟ್ಟು ಲೇಡಿ ಬ್ರಾಂಬಲ್ ಮೇಲೆ ಹತ್ತಿಸಿದರು, ಮೈಯಿನ್ನೂ ಬಿಸಿ, ಆನೆ ಮೈ ತೊಳೆದ ಹಾಗೆ ಕಣೇ, ಎಣ್ಣೆಯಲ್ಲಿ ಅದ್ದಿದ ನೂಲಿನ ಮುದ್ದೆಯಿಂದ ಉಜ್ಜಿದ್ರೆ ಕರಿ ಹೋಗಿ ಒಳಗಿಂದ ಹಸಿರು ಬರೋದು, ಸೇಬಿನ ಹಸಿರು, ಕೆಳಗೆ ನಿಂತ ಹುಡುಗರು ಏನಮ್ಮಾ ಎಫಿ, ಅವಳಿಗೆ ಕಿವಿ ಹಿಂದೆ ಉಜ್ಜಿದ್ಯಾ ಅನ್ನೋರು, ನಿಮ್ಮಮ್ಮ ನಿಮಗೆ ಉಜ್ಜಿದ್ರೆ ಸಾಕಾಗಿತ್ತು ಅಂತಿದ್ದೆ. ಆಗಲೇ ಅಜ್ಜಿಯ ಕೈಯಿಂದ ಸ್ಪ್ಯಾನರ್ ಜಾರಿ ಸೀಟಿಯ ಅಂಚಿಗೆ ಬಡಿದು ತಗ್ಗು ಬಿತ್ತು, ಅಂದಿನಿಂದ ಅವಳ ಕೂಗು ಕೊನೆಯಲ್ಲಿ ಒಂಚೂರು ಇಳಿಯುತ್ತಿತ್ತು, ಅತ್ತೂ ಅತ್ತೂ ನಿದ್ದೆಗೆ ಜಾರುವ ಮಗುವಿನ ಹಾಗೆ, ಇಡೀ ರೈಲುಮಾರ್ಗದಲ್ಲಿ ಯಾವ ಎಂಜಿನ್ನೂ ಹಾಗೆ ಕೂಗುತ್ತಿರಲಿಲ್ಲ, ಮೈಲಿ ದೂರದಿಂದಲೂ ಅವಳೇ ಅಂತ ಹೇಳಬಹುದಿತ್ತು. ವಿಲ್ಫ್ ಆಗಿನ್ನೂ ಕಲ್ಲಿದ್ದಲು ಹಾಕುವ ಹುಡುಗ, ಸಲಿಕೆ ತೊಳೆದು ಬೆಂಕಿಯ ಬಾಯಿಗೆ ಹಿಡಿದು ಅದರ ಮೇಲೇ ಹಂದಿಮಾಂಸದ ಸೀಳು, ಮೊಟ್ಟೆ ಹುರಿದು, ಬಾ ಎಫಿ, ರಾಣಿ ಮನೇಲೂ ಸಿಗಲ್ಲ ಇಂಥಾ ತಟ್ಟೆ, ಎಂದು ಕರೆದ, ಅವಳು ಹೋದಳು, ತಿಂದಳು, ಮದುವೆಯಾದಳು, ಮೂರೂ ಒಂದೇ ಸಾಲಿನಲ್ಲಿ ಹೇಳುತ್ತಾಳೆ. ಆಮೇಲೆ ಹಳಿಯ ಪಕ್ಕದ ಈ ಮನೆ, ಅವನು ಡ್ರೈವರ್ ಆದ, ಉತ್ತರದಿಂದ ಬರುವಾಗ ನಮ್ಮ ಹಿತ್ತಲು ದಾಟುವ ಹೊತ್ತಿಗೆ ಎರಡು ಗಿಡ್ಡ, ಒಂದು ಉದ್ದ ಕೂಗು, ಮೇಲಿನವರಿಗೆ ತಿಳಿದರೆ ಬೈಗುಳ, ಆದರೂ ಎರಡು ಗಿಡ್ಡ, ಒಂದು ಉದ್ದ, ಅಂದರೆ ಎಫಿ, ಆಲೂಗಡ್ಡೆ ಒಲೆ ಮೇಲಿಡು, ಯಾರ್ಕಿಗೆ ಹೋಗಿ ಇವಳನ್ನು ಒಪ್ಪಿಸಿ ಬರ್ತೀನಿ. ಬೀದಿಯ ಹೆಂಗಸರಿಗೆಲ್ಲ ಅವರವರ ಗಂಡನ ಕೂಗು ಇತ್ತು, ಒಬ್ಬಳ ಕೂಗಿಗೆ ಇನ್ನೊಬ್ಬಳು ಒಲೆ ಹಚ್ಚುತ್ತಿರಲಿಲ್ಲ. ಡೀಸೆಲ್ ಬಂದ ಮೇಲೆ ತಾತ ಅದರ ಹಾರನ್ನಿನಲ್ಲೂ ಎರಡು ಗಿಡ್ಡ, ಒಂದು ಉದ್ದ ಒತ್ತಿ ನೋಡಿದ, ಮನೆಗೆ ಬಂದರೆ ಒಲೆ ತಣ್ಣಗೆ, ಯಾವುದೋ ಎಮ್ಮೆ ಅರಚಿತು, ನೀನು ಅಂತ ನನಗೇನು ಗೊತ್ತು, ಅಂದಳಂತೆ ಅಜ್ಜಿ.

ಎಮ್ಮೆಯ ಕಥೆಗೆ ನಾನು ನಗುತ್ತಿದ್ದೆ, ನಕ್ಕ ಮೇಲೆ ಅದರ ಹಿಂದಿನಿಂದ ಇನ್ನೊಂದು ಕಥೆ ಬರುತ್ತದೆ ಅಂತ ಗೊತ್ತಿತ್ತು, ಬೇಡ ಅಜ್ಜಿ ಅನ್ನಬೇಕು ಅನಿಸುತ್ತಿತ್ತು, ಅಂದವಳಲ್ಲ. ಕೂಸಾಗಿದ್ದ ನಿಮ್ಮಮ್ಮನ್ನ ಮಕ್ಕಳ ಗಾಡಿಯಲ್ಲಿ ಮಲಗಿಸಿ ತಳ್ಕೊಂಡು ಮೇಲ್ಸೇತುವೆ ಮೇಲೆ ನಿಂತಿದ್ದೆ ಕಣೇ, ಬೀದಿ ಹೆಂಗಸರೆಲ್ಲ ನಿಂತಿದ್ರು, ಮುಂದೆ ಡೀಸೆಲ್, ಹಿಂದೆ ಗುಜರಿಗೆ ಹೊರಟ ಅವಳು, ಬೆಂಕಿಯಿಲ್ಲ, ಉಗಿಯಿಲ್ಲ, ಹೆಸರಿನ ಹಿತ್ತಾಳೆ ಪಟ್ಟಿ ಕಿತ್ತಿದ್ರು, ಚಕ್ರ ತಿರುಗಿಸೋ ಕಬ್ಬಿಣದ ತೋಳು ಕಳಚಿದ್ರು, ಚಕ್ರ ತಮ್ಮ ಪಾಡಿಗೆ ತಿರುಗ್ತಿದ್ವು, ಮತ್ತೆ ಹೊಗೆಕೊಳವೆ ಬಾಯಿಗೆ ಗೋಣಿ ಕಟ್ಟಿದ್ರು. ಗಲ್ಲಿಗೆ ಹಾಕೋರ ಮುಖಕ್ಕೆ ಹಾಕ್ತಾರಲ್ಲ, ಹಾಗೆ. ಗಾಳಿಗೆ ಆ ಗೋಣಿ ಒಳಗೆ ಹೋಗೋದು, ಹೊರಗೆ ಬರೋದು. ಎಳೆದುಕೊಂಡು ಹೋಗ್ತಿದ್ದೋನು ನಿಮ್ಮ ತಾತನೇ. ಪಾಳಿ ಅವನದ್ದೇ ಬಂತು, ಏನು ಮಾಡ್ತಾನೆ ಪಾಪ, ಅವತ್ತು ಹಿತ್ತಲು ದಾಟುವಾಗ ಹಾರನ್ ಕೂಡ ಒತ್ತಲಿಲ್ಲ. ನನಗೆ ಆಗ ಎಷ್ಟು ವಯಸ್ಸು, ಆರೋ ಏಳೋ, ಕತ್ತಲಲ್ಲಿ ಹೊದಿಕೆ ಬಾಯಿಗೆ ತಾಗಿದರೆ ಸಾಕು, ಒಳಗೆ ಹೋಗೋದು, ಹೊರಗೆ ಬರೋದು, ಕಿರುಚಿ ಏಳುತ್ತಿದ್ದೆ, ಅಮ್ಮ ಬಂದು, ಮಗೂಗೆ ಇಂಥ ಕಥೆ ಹೇಳ್ತೀಯಲ್ಲ, ನಿನಗೆ ಬುದ್ಧಿ ಇದೆಯಾ ಎಂದು ಅಜ್ಜಿಯನ್ನು ಬೈಯುತ್ತಿದ್ದಳು. ಪುಟ್ಟಿ, ಏನೇ ಮಾತಿಲ್ಲ, ಅನ್ನುತ್ತಿದ್ದಾಳೆ ಅಜ್ಜಿ ಈಗ, ಅವಳ ಬೆರಳ ಮೇಲೆ ಹುಳವಿಲ್ಲ, ಹಾರಿತೋ ಏನೋ, ಏನಿಲ್ಲ ಅಜ್ಜಿ, ಜನ ನೋಡ್ತಿದ್ದೆ, ಎಷ್ಟು ಜನ, ತುಂಬಾ ಜನ ಅಜ್ಜಿ, ಎಲ್ಲರ ಕೈಯಲ್ಲೂ ಕ್ಯಾಮೆರಾ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡಿದಾರೆ. ಬರ್ಲಿ ಬರ್ಲಿ, ಅವಳಿಗೆ ಜನ ಅಂದ್ರೆ ಇಷ್ಟ. ಹುಲ್ಲು ಒಣಗಿದ ವಾಸನೆ ಬರ್ತಿದೆಯಲ್ಲೇ, ಇಷ್ಟು ಒಣಗಿದೆಯಾ? ಹಳದಿಯಾಗಿದೆ ಅಜ್ಜಿ. ಆಗೆಲ್ಲ ಬೇಸಿಗೆ ಬರೋ ಮುಂಚೆ ಹಳಿ ಕಾಯೋರು ಪಕ್ಕದ ಹುಲ್ಲನ್ನ ತಾವೇ ಸುಟ್ಟು ಇಡೋರು, ಕಿಡಿ ಬಿದ್ರೂ ಹತ್ಕೊಳ್ಳೋಕೆ ಏನೂ ಇರಬಾರದು ನೋಡು, ಈಗ ಯಾರು ಸುಡ್ತಾರೆ. ಯಾರೂ ಸುಡಲ್ಲ ಅಜ್ಜಿ — ಅಂದೆ, ಅಂದಾಗ ಅದರ ಅರ್ಥ ನನಗೆ ಹೊಳೆದಿರಲಿಲ್ಲ, ಹೊಳೆಯಬೇಕಿತ್ತು.

ಜನರ ನಡುವಿನಿಂದ ಗಿಲಿಗಿಲಿ ಸದ್ದು, ಟೋಪಿಯ ತುಂಬ ಎಂಜಿನ್ ಬಿಲ್ಲೆಗಳನ್ನು ಚುಚ್ಚಿಕೊಂಡ ದಪ್ಪ ಮನುಷ್ಯ, ಕ್ಲಿಫರ್ಡ್ ಅಂತೆ, ಆಗಲೇ ಬಂದು ತನ್ನ ಫ್ಲಾಸ್ಕಿನ ಚಹಾ ಅಜ್ಜಿಗೂ ಕುಡಿಸಿದ್ದ, ಇವನು ಯಾರೇ, ಕೊರಳಿಗೆ ಗಂಟೆ ಕಟ್ಟಿದ ಹೋರಿ ನಡೆದ ಹಾಗೆ ನಡೀತಾನೆ, ಎಂದು ಅಜ್ಜಿ ಅಂದದ್ದಕ್ಕೆ ಹೊಟ್ಟೆ ಕುಲುಕಿಸಿ ನಕ್ಕಿದ್ದ, ಈಗ ನಗುತ್ತಿಲ್ಲ, ಕಣ್ಣಿನಲ್ಲೇ ಆಚೆ ಬಾ ಅಂದ. ಹೂವಿನ ತೊಟ್ಟಿಯ ಹತ್ತಿರ ನಿಂತು, ಮಗಳೇ, ಈಗ ಮೊಬೈಲಿಗೆ ಬಂತು, ಇವತ್ತು ಹೊಗೆ ಇಲ್ಲ ಕಣಮ್ಮಾ. ಇಲ್ಲ ಅಂದ್ರೆ? ಹುಲ್ಲು ಒಣಗಿದೆ, ಕಿಡಿ ಹಾರಿದ್ರೆ ಬೆಂಕಿ ಬೀಳುತ್ತೆ ಅಂತ ಹಬೆ ಬೇಡ ಅಂದ್ಬಿಟ್ಟಿದಾರೆ, ಡೀಸೆಲ್ ಎಳೀತಿದೆ, ಡ್ಯೂಕ್‌ನ ಸುಮ್ಮನೆ ಹಿಂದೆ ಕಟ್ಕೊಂಡು ಬರ್ತಿದಾರೆ. ಸೀಟಿ ಆದರೂ? ಉಗಿ ಇಲ್ದೆ ಸೀಟಿ ಎಲ್ಲಿಂದ ಮಗಳೇ. ಅವನ ಟೋಪಿಯ ಬಿಲ್ಲೆಯೊಂದರ ಮೇಲೆ ಬಿಸಿಲು ಹೊಳೆಯುತ್ತಿದೆ, ಅದನ್ನೇ ನೋಡುತ್ತಿದ್ದೇನೆ, ಯಾರ ಮೇಲೆ ಸಿಟ್ಟು ಮಾಡಲಿ, ಬಿಸಿಲಿನ ಮೇಲೋ, ಹುಲ್ಲಿನ ಮೇಲೋ, ಹುಲ್ಲು ಏನು ಮಾಡೀತು. ಇನ್ನೊಂದು ತಿಂಗಳಲ್ಲಿ ಮಳೆ ಬರ್ಬಹುದು, ಮತ್ತೆ ಓಡಿಸ್ತಾರೆ, ಸೆಪ್ಟೆಂಬರಿನಲ್ಲಿ, ಅನ್ನುತ್ತಿದ್ದಾನೆ, ಅಂದು ಅಜ್ಜಿಯ ನೀಲಿ ತುಟಿಯ ಕಡೆ ನೋಡಿ ಸೆಪ್ಟೆಂಬರನ್ನು ಅಲ್ಲೇ ನುಂಗಿಕೊಂಡ. ಆಮೇಲೆ, ನನ್ನ ಹತ್ರ ಇದೆ, ಅಂದ, ಏನು, ಡ್ಯೂಕ್‌ನ ಕೂಗು, ಹೋದ ವರ್ಷ ಹಿಡಿದಿಟ್ಟದ್ದು, ಈ ಮೊಬೈಲಿನಲ್ಲೇ ಇದೆ, ರೈಲು ಹೋಗುವಾಗ ಹಾಕಲಾ, ತಲೆ ಅಲ್ಲಾಡಿಸು ಸಾಕು. ಹೂವಿನ ತೊಟ್ಟಿಯಲ್ಲಿ ಹೂವೂ ಒಣಗಿದೆ. ಅಜ್ಜಿಗೆ ಹೇಳಬೇಕು, ಇಲ್ಲ ಅಜ್ಜಿ, ಇವತ್ತಿಲ್ಲ, ಮನೆಗೆ ಹೋಗೋಣ ಅನ್ನಬೇಕು, ಎರಡೇ ಮಾತು, ನಾಲ್ಕು ಹೆಜ್ಜೆ ನಡೆದು ಹೋಗಿ ಕುರ್ಚಿಯ ಮುಂದೆ ಕುಳಿತು ಬಾಯಿ ತೆರೆದೆ, ತೆರೆದರೆ ಅಜ್ಜಿ ತಲೆವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದಾಳೆ, ಶೆಡ್ಡಿನ ಹುಡುಗಿಯರು ಕಟ್ಟುವ ಹಾಗೆ, ಗಂಟು ಹಣೆಯ ಮೇಲೆ, ಸರಿಯಾಗಿದೆಯೇನೇ, ಅವಳು ಗುರುತು ಹಿಡಿಯೋ ಹಾಗೆ ಇರ್ಬೇಕು, ಎಂದು ಕೇಳಿದಳು. ಸರಿಯಾಗಿದೆ ಅಜ್ಜಿ. ಅದೊಂದೇ ಬಾಯಿಂದ ಬಂದದ್ದು.

ಹಳಿ ಹಾಡಲು ತೊಡಗಿತು, ಸಣ್ಣಗೆ, ತಂತಿ ಮೀಟಿದಂತೆ, ನನಗಿಂತ ಮೊದಲು ಅವಳಿಗೆ ಕೇಳಿಸಿತು, ಬಂದ್ಲು ಬಂದ್ಲು, ಕೈ ಎತ್ತಿದಳು, ಬಿಸಿಲಿನಲ್ಲಿ ಎಲುಬುಗಳೆಲ್ಲ ಕಾಣುತ್ತಿವೆ, ಹೊಗೆ ವಾಸನೆ ಇಲ್ವಲ್ಲೇ, ಗಾಳಿ ಆ ಕಡೆಗಿದೆ ಅಜ್ಜಿ, ಏದುಸಿರು ಕೇಳಿಸ್ತಿಲ್ವಲ್ಲೇ, ಇಳಿಜಾರು ಅಜ್ಜಿ, ಸುಮ್ಮನೆ ಜಾರಿಕೊಂಡು ಬರ್ತಿದಾಳೆ — ಎಲ್ಲಿಂದ ಬರುತ್ತಿವೆ ನನಗೆ ಈ ಮಾತುಗಳು, ಇಲ್ಲಿ ಇಳಿಜಾರು ಎಲ್ಲಿದೆ, ತಟ್ಟೆಯಷ್ಟು ಸಮ ನೆಲ, ಅದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಲ್ಲ, ಆದರೂ ಹೂಂ ಅಂದಳು, ಯಾಕೆ ಹೂಂ ಅಂದಳು. ಹಳದಿ ಮೂತಿಯ ಡೀಸೆಲ್ ಗುಡುಗಿಕೊಂಡು ಬಂತು, ಅದರ ಹಿಂದೆ ಅದು, ಕಪ್ಪಗೆ ಉದ್ದಕ್ಕೆ ಹೊಳೆಯುತ್ತಾ, ನನ್ನ ಜೀವಮಾನದಲ್ಲಿ ಮೊದಲ ಸಲ ಇಷ್ಟು ಹತ್ತಿರ, ಎಷ್ಟು ದೊಡ್ಡದು, ನನ್ನ ಎತ್ತರದ ಚಕ್ರಗಳು, ಜನ ಕ್ಯಾಮೆರಾ ಎತ್ತಿ ಹಾಗೇ ಇಳಿಸುತ್ತಿದ್ದಾರೆ, ಹೆಗಲ ಮೇಲಿನ ಮಗುವೊಂದು ಅಪ್ಪಾ, ಅದ್ಯಾಕೆ ಉಸಿರಾಡ್ತಿಲ್ಲ ಅಂತ ಕೇಳುತ್ತಿದೆ, ಕ್ಲಿಫರ್ಡ್ ಹೆಬ್ಬೆರಳನ್ನು ಮೊಬೈಲಿನ ಮೇಲಿಟ್ಟು ನನ್ನನ್ನೇ ನೋಡುತ್ತಿದ್ದಾನೆ, ನಾನು ಮೇಲೆ ನೋಡಿದೆ, ನೋಡಬಾರದಿತ್ತು, ಹೊಗೆಕೊಳವೆಯ ಬಾಯಿಗೆ ಗೋಣಿ, ಹಗ್ಗ ಸುತ್ತಿ ಕಟ್ಟಿದ ಗೋಣಿ, ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿದೆ, ಕತ್ತಲಲ್ಲಿ ನಾನು ಕಂಡದ್ದೇ, ಅಜ್ಜಿ ಕಂಡದ್ದೇ, ಕೂಗೇ, ಒಂದು ಸಲ ಕೂಗೇ, ಎನ್ನುತ್ತಿದ್ದಾಳೆ ಅಜ್ಜಿ ಪಕ್ಕದಲ್ಲಿ, ಎತ್ತಿದ ಕೈ ಹಾಗೇ ಇದೆ, ಡಬ್ಬಿಗಳು ಒಂದೊಂದೇ ದಾಟುತ್ತಿವೆ, ಕಿಟಕಿಯಲ್ಲಿ ಜನ ಚಹಾ ಕುಡಿಯುತ್ತಿದ್ದಾರೆ, ಮುಗಿಯುತ್ತಾ ಬಂತು, ಕೊನೆಯ ಡಬ್ಬಿ, ನನ್ನ ತಲೆ ಅಲ್ಲಾಡಿತು. ನಾನು ಅಲ್ಲಾಡಿಸಿದೆನೋ, ತಾನೇ ಅಲ್ಲಾಡಿತೋ. ಕ್ಲಿಫರ್ಡನ ಅಂಗೈಯಿಂದ ಸೊಳ್ಳೆಯ ಹಾಗೆ ತೆಳ್ಳಗೆ ಒಂದು ಕೂಗು, ಎಳೆ ಎಳೆಯಾಗಿ, ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ, ಕೊನೆಯಲ್ಲಿ ಇಳಿಯಿತೇ, ಇಳಿಯಲಿಲ್ಲವೇ, ನನಗೆ ತಿಳಿಯಲಿಲ್ಲ, ನಿಂತುಹೋಯಿತು. ಅಜ್ಜಿ ತಲೆ ವಾಲಿಸಿ ಕೇಳಿದಳು, ಕೂಗು ನಿಂತ ಮೇಲೂ ಕೇಳುತ್ತಲೇ ಇದ್ದಳು, ಎತ್ತಿದ ಕೈ ಮೆಲ್ಲಗೆ ಶಾಲಿನ ಮೇಲೆ ಇಳಿಯಿತು. ಪಾಪ, ಅಂದಳು. ಎಷ್ಟು ದೂರ ಹೋಗಿಬಿಟ್ಟಿದಾಳೆ. ಕ್ಲಿಫರ್ಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಾನೆ, ಬಿಲ್ಲೆಗಳು ಸದ್ದು ಮಾಡುತ್ತಿಲ್ಲ. ನಡಿ ಪುಟ್ಟಿ ಮನೆಗೆ, ಒಲೆ ಹಚ್ಬೇಕು, ದೂರ ಇದ್ರೂ ಬಂದೇ ಬರ್ತಾನೆ ವಿಲ್ಫ್, ಬಂದಾಗ ಬೆಂದಿರ್ಬೇಕು, ಕೂಗಿದ್ದು ಅವಳೇ ತಾನೇ, ಹೇಳೇ, ಅವಳೇ ಅಲ್ವಾ, ಮುಖ ನನ್ನ ಕಡೆ ಎತ್ತಿದ್ದಾಳೆ, ಕಾಣದ ಕಣ್ಣು ತೆರೆದಿದೆ, ಮನೆಯಲ್ಲಿ ತಣ್ಣೀರಿನಲ್ಲಿ ಆಲೂಗಡ್ಡೆ ಇದೆ, ಒಲೆ ಹಚ್ಚಿದರೆ ಬೇಯುತ್ತವೆ, ಬೆಂದ ಮೇಲೆ ಬಾಗಿಲು ನೋಡುತ್ತಾಳೆ, ಆಗ ಏನು ಹೇಳಲಿ, ಈಗ ಏನು ಹೇಳಲಿ, ಹೂಂ ಅನ್ನಬೇಕು, ಅಷ್ಟೇ, ಹೂಂ, ಬಾಯಿ ತೆರೆಯುತ್ತಿದೆ, ಉಸಿರು ಹೋಗುತ್ತಿದೆ, ಬರುತ್ತಿದೆ, ಹಲ್ಲಿಲ್ಲದ ಅಜ್ಜಿಯ ಕೆನ್ನೆ ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿದೆ, ದೂರದಲ್ಲಿ ಬಿಸಿಲಿನ ಇಲ್ಲದ ನೀರಿನಲ್ಲಿ ಡ್ಯೂಕ್ ಕಪ್ಪಗೆ ಚುಕ್ಕಿಯಾಗುತ್ತಿದೆ, ಅದರ ನೆತ್ತಿಯ ಮೇಲೆ ಗೋಣಿ, ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿದೆ, ಗೋಣಿ, ಒಳಗೆ