ಕೊನೆಗೆ ಮಾತಾಡುವವರು

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನ್ಯಾಯವಲ್ಲ ಅಂತ ನೀವೇ ಬರೆದಿದ್ದೀರಿ ಸರ್," ಎಂದು ಕಿರಿಯ ನ್ಯಾಯಾಧೀಶ ಹಳೆಯ ತೀರ್ಪುಗಳ ಪುಸ್ತಕವನ್ನು ಹಿರಿಯ ನ್ಯಾಯಾಧೀಶರ ಕಡೆ ತಿರುಗಿಸಿ ಇಟ್ಟ. "ಕಾಲೇಜಲ್ಲಿ ನಾವೆಲ್ಲ ಇದನ್ನ ಬಾಯಿಪಾಠ ಮಾಡಿದ್ವಿ. ಅಪೀಲು ತಗೋಬೇಕು ಅನ್ನೋದು ನನ್ನ ಅಭಿಪ್ರಾಯ."

ಮೇಲ್ಮನವಿ ನ್ಯಾಯಾಲಯದ ಆ ಒಳಕೋಣೆಯಲ್ಲಿ ಇದ್ದದ್ದು ಮೂರೇ ಕುರ್ಚಿ. ವಿಚಾರಣೆ ಮುಗಿದ ಮೇಲೆ ಮೂವರು ನ್ಯಾಯಾಧೀಶರೂ ಬಾಗಿಲು ಹಾಕಿಕೊಂಡು ಕೂರಬೇಕು, ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು. ದೊಡ್ಡವರ ಮುಖ ನೋಡಿ ಚಿಕ್ಕವರು ತಲೆಯಾಡಿಸಬಾರದು ಅಂತ ಯಾರೋ ಬುದ್ಧಿವಂತರು ಮಾಡಿಟ್ಟ ಪದ್ಧತಿ. ತಾವೇ ಕಿರಿಯರಾಗಿದ್ದ ಕಾಲದಲ್ಲಿ ಹಿರಿಯರಿಗೂ ಇದು ಬಲು ಇಷ್ಟವಾಗಿತ್ತು. ಎದೆಯಲ್ಲಿದ್ದದ್ದನ್ನೆಲ್ಲ ಮೊದಲೇ ಹೇಳಿ ಕೈ ತೊಳೆದುಕೊಳ್ಳುತ್ತಿದ್ದರು. ಉಳಿದಿಬ್ಬರು ಸೇರಿ ಅದಕ್ಕೆ ಉಲ್ಟಾ ತೀರ್ಮಾನಿಸುತ್ತಿದ್ದರು. ಇವರು ಭಿನ್ನಮತ ಬರೆದು ಹೆಸರು ಗಳಿಸುತ್ತಿದ್ದರು. ಸೋತವರ ಪರವಾಗಿ ಚಂದದ ಮಾತು ಬರೆಯುವುದಕ್ಕೆ ಗಂಟೇನು ಹೋಗುತ್ತದೆ?

ಮೊಕದ್ದಮೆ ದೊಡ್ಡದೇನಲ್ಲ. ಲಿಫ್ಟ್ ಕೆಳಗೆ ಬಿದ್ದು ಒಬ್ಬರು ಸತ್ತಿದ್ದರು, ಅದನ್ನು ರಿಪೇರಿ ಮಾಡುತ್ತಿದ್ದವನಿಗೆ ಹತ್ತು ವರ್ಷ ಸಜೆಯಾಗಿತ್ತು. ಕೇಬಲ್ ಸವೆದಿದೆ, ಬದಲಾಯಿಸಿ ಎಂದು ಮಾಲೀಕರಿಗೆ ಹೇಳಿದ್ದೆ ಅನ್ನುತ್ತಾನೆ. ಕೇಳುವವರಿಲ್ಲ, ಯಾಕೆಂದರೆ ಅಪೀಲಿನ ಗಡುವು ಮುಗಿಯುವವರೆಗೆ ಅವನ ವಕೀಲ ಫೈಲನ್ನೇ ಬಿಚ್ಚಲಿಲ್ಲ. ವಕೀಲನ ತಪ್ಪು ಕಕ್ಷಿದಾರನ ತಪ್ಪೇ ಎಂದು ಹಿಂದೊಮ್ಮೆ ಇಂಥದೇ ಮೊಕದ್ದಮೆಯಲ್ಲಿ ಇಬ್ಬರು ತೀರ್ಮಾನಿಸಿದಾಗಲೇ ಹಿರಿಯರು ಆ ಎಮ್ಮೆಯ ಮಾತು ಬರೆದದ್ದು. ಆಮೇಲೆ ಎಲ್ಲ ನ್ಯಾಯಾಧೀಶರೂ ಕೂತ ಪೂರ್ಣಪೀಠವೂ ಆ ಇಬ್ಬರದೇ ಸರಿ ಎಂದಿತ್ತು.

"ಪೂರ್ಣಪೀಠ ಹೇಳಿಯಾಗಿದೆ," ಎಂದರು ಎರಡನೆಯ ನ್ಯಾಯಾಧೀಶೆ, ಕನ್ನಡಕ ಒರೆಸುತ್ತ. "ನಮಗಿಷ್ಟ ಇರಲಿ ಬಿಡಲಿ, ಅದನ್ನ ಮೀರೋ ಅಧಿಕಾರ ನಮಗಿಲ್ಲ. ವಜಾ."

"ಇನ್ನೊಂದ್ಸಲ ನೋಡಿ ಅಂತ ಅಲ್ಲಿಗೇ ಕಳಿಸಿದ್ರೆ?" ಹಿರಿಯರು ಕೇಳಿದರು.

"ಹೋದ ವರ್ಷ ಕಳಿಸಿದ್ವಲ್ಲ ಸರ್. ವಾಪಸ್ ಬಂತು, ಬೈಗುಳ ಸಮೇತ."

ಒಬ್ಬರು ಆ ಕಡೆ, ಒಬ್ಬರು ಈ ಕಡೆ, ತೀರ್ಮಾನ ಈಗ ಹಿರಿಯರ ಒಂದು ಮಾತಿನ ಮೇಲೆ ನಿಂತಿತ್ತು. ಇಬ್ಬರೂ ಅವರ ಮುಖವನ್ನೇ ನೋಡುತ್ತಿದ್ದರು. ಬಾಯಲ್ಲಿ ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹಿರಿಯರಿಗೆ ಹೆದರಿಕೆಯಾಯಿತು. ಇಷ್ಟು ವರ್ಷ ತಮ್ಮದು ಧೈರ್ಯ ಎಂದುಕೊಂಡಿದ್ದರು. ತನ್ನ ಮಾತು ನಡೆಯುವುದಿಲ್ಲ ಎಂದು ಗೊತ್ತಿದ್ದವನ ಧೈರ್ಯ ಅದು ಎಂದು ಈಗ ನಾಚಿಕೆಯಾಯಿತು.

"ವಜಾ," ಎಂದರು.

"ಹಾಗಾದ್ರೆ ನಾನು ಭಿನ್ನಮತ ಬರೀತೀನಿ ಸರ್."

"ಬರಿಯಪ್ಪ. ಚೆನ್ನಾಗಿ ಬರಿ."

ಕಿರಿಯವ ನಿಜಕ್ಕೂ ಚೆನ್ನಾಗಿ ಬರೆದಿದ್ದ. ತೀರ್ಪಿನ ದಿನ ಓದುವಾಗಲೂ ಕಿರಿಯರೇ ಮೊದಲು. ಹಿಂದಿನ ಬೆಂಚಿನಲ್ಲಿ ಲಿಫ್ಟ್ ರಿಪೇರಿಯವನ ಹೆಂಡತಿ ಕೂತಿದ್ದಳು, ಪಕ್ಕದಲ್ಲಿ ಕಿವಿ ಮಂದವಾದ ಅವಳ ಮಾವ. "ಈತನ ಅಪೀಲನ್ನು ಸ್ವೀಕರಿಸಬೇಕು, ಈತನ ಮಾತನ್ನು ಕೇಳಬೇಕು" ಎಂದು ಕಿರಿಯವ ಮುಗಿಸಿದಾಗ ಅವಳು ಮುದುಕರ ಕಿವಿಗೆ ಬಾಯಿಟ್ಟಳು. ಅವರಿಗೆ ಕೇಳಲೆಂದು ಹೇಳಿದ್ದು ಪೀಠದವರೆಗೂ ಕೇಳಿಸಿತು.

"ಗೆದ್ವಿ ಮಾವ. ಒಪ್ಕೊಂಡ್ರು."

ಮುದುಕರು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಓದಿದ್ದು ಬರೀ ಭಿನ್ನಮತ ಎಂದು ಅವರ ಹೊಸ ವಕೀಲನಿಗೆ ಅರ್ಥವಾಗಿತ್ತು. ಹಿಂದೆ ತಿರುಗಿ ಹೇಳುವ ಮನಸ್ಸು ಬರದೆ ತಲೆತಗ್ಗಿಸಿ ಕೂತಿದ್ದ. ಎರಡನೆಯ ನ್ಯಾಯಾಧೀಶೆ "ಹಿರಿಯರ ತೀರ್ಪಿಗೆ ನನ್ನ ಸಹಮತವಿದೆ" ಎಂದಷ್ಟೇ ಹೇಳಿದರು. ಅವಳು ಅದಕ್ಕೂ ತಲೆಯಾಡಿಸಿದಳು.

ಇನ್ನು ಹಿರಿಯರ ಸರದಿ. ಕೊನೆಯ ಒಂದು ಸಾಲು ಓದಿ ಎದ್ದುಬಿಡುವುದು ಅವರ ರೂಢಿ, ಹಾಗಾಗಿ ಬೇರೆ ವಕೀಲರು ಆಗಲೇ ಫೈಲು ಕಟ್ಟತೊಡಗಿದ್ದರು. ಹಿರಿಯರು ಕೊನೆಯ ಹಾಳೆ ತೆಗೆದರು. ಅವಳನ್ನು ನೋಡಿದರು. ಮತ್ತೆ ಮೊದಲ ಹಾಳೆಗೆ ಬಂದು ಓದತೊಡಗಿದರು. ಕಟ್ಟಡದಲ್ಲಿ ಎಷ್ಟು ಮಹಡಿ, ಲಿಫ್ಟು ಯಾವಾಗ ಕೂರಿಸಿದ್ದು, ಯಾವ ಸಾಕ್ಷಿ ಏನು ಹೇಳಿದ, ಯಾರೂ ಎಂದೂ ಗಟ್ಟಿಯಾಗಿ ಓದದ ಕಲಮುಗಳು, ಒಂದನ್ನೂ ಬಿಡಲಿಲ್ಲ. ನಡುವೆ ನಿಲ್ಲಿಸಿ ನೀರು ಕುಡಿದರು. ಪಕ್ಕದ ನ್ಯಾಯಾಧೀಶೆ ಗಡಿಯಾರ ನೋಡಿದರು. ಅವಳು ಮಾತ್ರ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಮುಖದ ತುಂಬ ನಗುತ್ತ ಕೇಳುತ್ತಿದ್ದಳು. ಹಿರಿಯರು ಇನ್ನಷ್ಟು ನಿಧಾನ ಮಾಡಿದರು, ಇನ್ನೊಂದು ಹಾಳೆ ತಿರುವಿದರು. ಅದರ ಕೆಳಗೆ ಒಂದೇ ಹಾಳೆ ಉಳಿದಿತ್ತು.