ಸುಳಿಯ ನಡುವೆ

"ಜಯಕ್ಕ, ಇದು ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ ಮ್ಯಾಪ್ ಅಲ್ವಾ?" ಎಂದು ಗೋಡೆಯ ಚಿತ್ರ ತೋರಿಸಿ ಸುಜಯ್ ಕೇಳಿದಾಗ ಎಲ್ಲರೂ ನಕ್ಕರು. ಜಯಶೀಲಾಳೂ ನಕ್ಕಳು. ಎಲ್ಲರ ಹಿಂದೆ ನಿಂತಿದ್ದ ಅವಳ ಗಂಡ ಐತಪ್ಪನಿಗೆ ಮಾತ್ರ ಆ ಹುಡುಗನ ಕಿವಿ ಹಿಂಡಬೇಕು ಅನ್ನಿಸಿತು.

ದ ಹೇಗ್‌ನ ಆ ಚಿಕ್ಕ ಮ್ಯೂಸಿಯಮ್ಮಿನಲ್ಲಿ ಜಯಶೀಲಾ ಸಂಬಳವಿಲ್ಲದೆ, ಇಷ್ಟಪಟ್ಟು ಗೈಡ್ ಕೆಲಸ ಮಾಡುತ್ತಿದ್ದವಳು. ಕಳೆದ ಚಳಿಗಾಲ ಸ್ಟ್ರೋಕ್ ಆಗಿ ಮಾತು ಬಿದ್ದುಹೋಯಿತು. ಈಗ ಬಹಳಷ್ಟು ಮರಳಿ ಬಂದಿದೆ. ಆದರೆ ಬೇಕಾದ ಪದ ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಕನ್ನಡ ಸಂಘದವರನ್ನು ಕರೆದು ಕನ್ನಡದಲ್ಲೇ ಒಮ್ಮೆ ಮಾಡಿ ನೋಡುತ್ತೇನೆ, ಆಗದಿದ್ದರೆ ಈ ಕೆಲಸ ಬಿಟ್ಟೇಬಿಡುತ್ತೇನೆ ಎಂದು ಅವಳೇ ಹೇಳಿದ್ದಳು. ಇವತ್ತು ಬಂದಿದ್ದವರು ಆ ಸಂಘದವರೇ.

ಐತಪ್ಪನ ರೋಗ ಬೇರೆ. ಹೆಂಡತಿ ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ತಾನೇ ಹೇಳಿ ಮುಗಿಸುವುದು. ಮದುವೆಯಾದಾಗಿನಿಂದ ಹೀಗೇ. ಡಾಕ್ಟರು ಎಲ್ಲಿ ನೋವು ಎಂದು ಅವಳನ್ನು ಕೇಳಿದರೂ ಉತ್ತರ ಇವನದು. ಅವಳಿಗೆ ಮಾತು ಕಲಿಸಲು ಬರುತ್ತಿದ್ದ ಡಚ್ ಹುಡುಗಿ ಒಂದು ದಿನ, "ಸರ್, ನೀವು ಹೀಗೆ ಮಾಡಿದರೆ ಅವರು ಹೇಳುವುದನ್ನೇ ಬಿಟ್ಟುಬಿಡುತ್ತಾರೆ" ಎಂದಿದ್ದಳು. ಅವಳ ಮೇಲೂ ರೇಗಿದ್ದ. ರೇಗಿ, ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದ.

"ಇಂಥ ಚಿತ್ರ ಬರೆದವರೆಲ್ಲ ಲಂಡನ್ನಿನ ಹುಡುಗರು," ಜಯಶೀಲಾ ಒಂದೊಂದೇ ಮಾತು ಹೆಕ್ಕಿ ಹೇಳುತ್ತಿದ್ದಳು. "ಸಾವಿರದ ಒಂಬೈನೂರ ಹದಿನಾಲ್ಕು. ಹಳೇದೆಲ್ಲ ಸಾಕು, ಇದು ಯಂತ್ರದ ಕಾಲ ಅಂತ ಕೂಗಾಡಿದ್ರು. ಭಾರೀ ಕೋಪಿಷ್ಠರು, ನಮ್ಮ ಇವರ ಹಾಗೆ."

ಮತ್ತೆ ನಗು. ಐತಪ್ಪ ಛಾವಣಿ ನೋಡಿದ.

"ಎಷ್ಟು ವರ್ಷ ನಡೀತು ಜಯಕ್ಕ?" ಮೈಸೂರಿನ ವಿಜಯಾ ಕೇಳಿದಳು.

"ಎಂತ ವರ್ಷ? ಶುರು ಮಾಡುವಾಗಲೇ ಯುದ್ಧ ಬಂತು. ಒಬ್ಬ ಅಲ್ಲೇ ಸತ್ತ. ಉಳಿದವರು ಚೆದುರಿದ್ರು. ವೋರ್ಟಿಸಿಸಂ ಅಂತ ಹೆಸರು. ಅಂದ್ರೆ…"

ಕಿತ್ತಳೆ, ಕಪ್ಪು ಬಣ್ಣದ ಚೂಪು ಚೂಪು ಗೆರೆಗಳೆಲ್ಲ ಚಿತ್ರದ ನಡುವಿಗೆ ನುಗ್ಗುತ್ತಿದ್ದವು. ಅಲ್ಲಿಗೆ ಬೆರಳು ತೋರಿಸಿ ಅವಳು ನಿಂತಳು.

"ನೀರಲ್ಲಿ… ನೀರಲ್ಲಿ ಆಗ್ತದಲ್ಲ…"

ಸುಳಿ. ಐತಪ್ಪನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಹೊಳೆ ದಾಟಿ ಶಾಲೆಗೆ ಹೋದವನು. ಎರಡಕ್ಷರ, ಉಗುಳಿದರೆ ಮುಗಿಯಿತು. ಜಯಶೀಲಾಳ ತುಟಿ ಅಲುಗಿತು, ನಿಂತಿತು. ಕೈ ಶಾಲಿನ ಅಂಚನ್ನು ಹಿಂಡತೊಡಗಿತು.

ವಿಜಯಾ ತಿರುಗಿದಳು. "ಐತಪ್ಪಣ್ಣ, ನೀವೇ ಹೇಳ್ಬಿಡಿ. ಪಾಪ, ಅವ್ರಿಗೆ ಸ್ಟ್ರೈನ್ ಆಗ್ತಿದೆ."

ಜಯಶೀಲಾಳೂ ಅವನನ್ನೇ ನೋಡಿದಳು. ಆಯಿತು, ನೀವೇ ಮುಗಿಸಿ ಎನ್ನುವ ನೋಟ. ಅದು ಅವನಿಗೆ ಎಷ್ಟೋ ವರ್ಷದಿಂದ ಗೊತ್ತಿತ್ತು. ಅದನ್ನು ಅವಳಿಗೆ ಕಲಿಸಿದವನು ತಾನೇ ಎಂಬುದು ಮಾತ್ರ ಈಗ ಹೊಳೆಯಿತು.

"ಯಾಕೆ, ನಿಮಗೆ ಬಸ್ಸು ತಪ್ಪಿಹೋಗ್ತದಾ?" ಎಂದು ಅವನು ಗದರಿದ. ಮೂಲೆಯ ಕಾವಲುಗಾರ ತಲೆ ಎತ್ತಿದ. "ಅವಳು ಹೇಳ್ತಾಳೆ. ಕಾಯಿರಿ."

ಐತಪ್ಪ ಹಲ್ಲು ಕಚ್ಚಿ ನೆಲ ನೋಡುತ್ತ ನಿಂತ.

"ಮಜ್ಜಿಗೆ," ಎಂದಳು ಜಯಶೀಲಾ.

ಅವನು ತಲೆ ಎತ್ತಲಿಲ್ಲ.

"ಮಿಕ್ಸಿಯಲ್ಲಿ ಮಜ್ಜಿಗೆ ತಿರುಗಿಸುವಾಗ ಸುತ್ತ ಎಷ್ಟು ಗಲಾಟೆ! ನಡುವೆ ಒಂದು ಗುಳಿ ಬೀಳ್ತದೆ, ನೋಡಿದ್ದೀರಾ? ಅಷ್ಟು ಗಲಾಟೆಯೊಳಗೆ ಆ ಜಾಗ ಮಾತ್ರ ಸುಮ್ಮನೆ ಇರ್ತದೆ. ಈ ಹುಡುಗರಿಗೆ ಬೇಕಾದ್ದು ಅದು."

ಸುಜಯ್ ಚಿತ್ರದ ಹತ್ತಿರ ಬಗ್ಗಿ ನೋಡಿದ. ಈ ಸಲ ತಮಾಷೆ ಮಾಡಲಿಲ್ಲ.

ಮುಂದಿನ ಕೋಣೆಯಲ್ಲಿ ಒಂದು ಕಲ್ಲಿನ ಶಿಲ್ಪವಿತ್ತು. "ಇದನ್ನು ಕೆತ್ತಿದವನು…" ಎಂದು ಜಯಶೀಲಾ ಶುರುಮಾಡಿದಳು, ಮತ್ತೆ ನಿಂತಳು. ವಿಜಯಾ ಹೆಗಲಿನ ಚೀಲವನ್ನು ಸದ್ದಾಗದಂತೆ ನೆಲಕ್ಕಿಟ್ಟಳು. ಕಿಟಕಿಯ ಬಿಸಿಲು ಕಲ್ಲಿನ ಮೇಲೆ ಬಿದ್ದಿತ್ತು. ಜಯಶೀಲಾ ಯಾರ ಕಡೆಗೂ ನೋಡದೆ, ಅವಸರವಿಲ್ಲದೆ, ಅದರ ಸುತ್ತ ಒಂದು ಹೆಜ್ಜೆ ಸರಿದಳು.