ಗುಬ್ಬಿಗೆ ಕೊಟ್ಟ ಅಭಯ

ಹೆಂಡತಿ ತೀರಿಕೊಂಡ ಮೇಲೆ ಮುದುಕನ ಕೊರಳಿಗೆ ಒಂದು ರಾಜ್ಯ ಬಿತ್ತು.

ಅದು ನೆಲದ ಮೇಲಿನ ರಾಜ್ಯವಲ್ಲ. ಮಗಳ ಮನೆಯ ಚಿಕ್ಕ ಕೋಣೆಯಲ್ಲಿ, ಇಸ್ತ್ರಿ ಮೇಜಿಗೂ ಕಿಟಕಿಗೂ ನಡುವೆ ಇಟ್ಟಿದ್ದ ಹಳೆಯ ಕಂಪ್ಯೂಟರಿನೊಳಗಿನ ರಾಜ್ಯ. ಕೊನೆಯ ವರ್ಷಗಳಲ್ಲಿ ಆಕೆಗೆ ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬರುತ್ತಿತ್ತು. ಹಾಸಿಗೆ, ಕುರ್ಚಿ, ಬಚ್ಚಲು ಇಷ್ಟೇ ಪ್ರಪಂಚವಾಗಿತ್ತು. ಅತ್ತೆಗೆ ಹೊತ್ತು ಹೋಗಲಿ ಎಂದು ಅಳಿಯ, ತಾನೂ ತನ್ನ ಸ್ನೇಹಿತರೂ ಆಡುತ್ತಿದ್ದ ಆಟಕ್ಕೆ ಆಕೆಯನ್ನೂ ಸೇರಿಸಿದ. ಒಬ್ಬೊಬ್ಬರಿಗೆ ಒಂದೊಂದು ರಾಜ್ಯ, ದಿನಕ್ಕೊಂದು ನಡೆ. ಸಂಜೆಯೊಳಗೆ ನಡೆ ಕಳಿಸಿದರಾಯಿತು. ಆಟ ವರ್ಷಗಟ್ಟಲೆ ನಡೆಯುತ್ತಲೇ ಇರುತ್ತದೆ.

ಆಕೆ ಊರು ಕಟ್ಟಿದ್ದು ಹೆಚ್ಚು, ಯುದ್ಧ ಮಾಡಿದ್ದು ಕಡಿಮೆ. ಕಟ್ಟಿದ ಊರಿಗೆಲ್ಲ ತನಗೆ ತೋಚಿದ ಹೆಸರಿಟ್ಟಿದ್ದಳು. ತಾಯಿಮನೆಯ ನೆನಪಿಗೆ ತವರು. ಮಗಳ ಮುದ್ದಿನ ಹೆಸರಲ್ಲಿ ಚಿನ್ನಿಪಟ್ಟಣ. ಮದುವೆಯಾದ ಹೊಸದರಲ್ಲಿ ಬಾಡಿಗೆಗಿದ್ದ ಸೋರುವ ಮನೆಯ ನೆನಪಿಗೆ ಬಕೆಟ್ಟುಪುರ. ಗಡಿಯ ಕೋಟೆಗೆ ಮುಂಗೋಪಿ. ಆ ಮುಂಗೋಪಿ ಯಾರೆಂದು ಮನೆಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಮುದುಕ ಮಾತ್ರ ಆಗ ಆ ಕಡೆ ತಲೆ ಹಾಕಿದವನಲ್ಲ. ದೇವರ ಧ್ಯಾನ ಮಾಡುವ ವಯಸ್ಸಿನಲ್ಲಿ ಇದೇನು ಗೊಂಬೆಯಾಟ ಎಂದು ಮೂಗು ಮುರಿಯುತ್ತಿದ್ದ.

ಆಸ್ಪತ್ರೆಗೆ ಹೊರಡುವ ದಿನ ಆಕೆ ಸ್ಟ್ರೆಚರಿನ ಮೇಲಿಂದಲೇ ಹೇಳಿದಳು: "ನನ್ ನಡೆ ತಪ್ಪಿಸ್ಬೇಡ್ರಿ. ಬಲಗಡೆ ಹಸಿರು ಗುಂಡಿ ಇದೆ, ಒತ್ತಿದ್ರೆ ಸಾಕು. ಮಿಕ್ಕಿದ್ದು ನಾನು ಬಂದು ನೋಡ್ಕೋತೀನಿ."

ಬರಲಿಲ್ಲ. ಮುದುಕ ಗುಂಡಿ ಒತ್ತುವುದನ್ನು ನಿಲ್ಲಿಸಲಿಲ್ಲ. ದಿನವೂ ಸ್ನಾನ, ಪ್ರಾರ್ಥನೆ, ಆಮೇಲೆ ಹಸಿರು ಗುಂಡಿ. ತೆರೆಯ ಮೇಲೆ ಆಕೆಯ ಊರುಗಳಲ್ಲಿ ಹೊಗೆಗೂಡುಗಳು ಹೊಗೆಯಾಡುತ್ತಿದ್ದವು, ಗಾಡಿಗಳು ಓಡಾಡುತ್ತಿದ್ದವು. ಆಕೆಯ ಸೀರೆಗಳನ್ನು ಯಾರ್ಯಾರಿಗೋ ಕೊಟ್ಟಾಗಿತ್ತು. ಕನ್ನಡಕ ಪೆಟ್ಟಿಗೆ ಸೇರಿತ್ತು. ಆಕೆಯ ಕೈಯಿಂದ ಆಗಿ ಇನ್ನೂ ಅಲುಗಾಡುತ್ತಿದ್ದದ್ದು ಇದೊಂದೇ.

ಹೀಗಿರುವಾಗ ಒಂದು ರಜಾದಿನ ಬೆಳಿಗ್ಗೆ ತೆರೆಯ ಮೇಲೆ ಹಸಿರು ಗುಂಡಿಯೇ ಇರಲಿಲ್ಲ. ಅದರ ಜಾಗದಲ್ಲಿ ಬರಹವಿತ್ತು. "ದವಡೆ ಸಾಮ್ರಾಜ್ಯವು ಗುಬ್ಬಿಯ ಮೇಲೆ ಯುದ್ಧ ಸಾರಿದೆ. ನೀವು ಗುಬ್ಬಿಗೆ ಅಭಯ ನೀಡಿದ್ದೀರಿ. ಮಾತು ಉಳಿಸಿಕೊಳ್ಳುವಿರಾ?" ಕೆಳಗೆ ಎರಡು ಗುಂಡಿಗಳು: ಹೌದು, ಇಲ್ಲ.

ದವಡೆ ಸಾಮ್ರಾಜ್ಯದ ಚಕ್ರವರ್ತಿ ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಅಳಿಯನಿಗೆ ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಆದ್ದರಿಂದಲೇ ರಾಜ್ಯಕ್ಕೂ ಆ ಹೆಸರು. ಮುದುಕನ ಬಾಯಲ್ಲಿದ್ದ ಹಲ್ಲಿನ ಸೆಟ್ಟೂ ಅವನೇ ಕಟ್ಟಿದ್ದು.

"ಅಳಿಯಂದ್ರೇ, ಈ ಗುಬ್ಬಿ ಯಾರು?"

"ಓ, ಬಂತಾ ಅದು? ಹಿಂದೆ ನಮ್ಮ ಲ್ಯಾಬಲ್ಲಿದ್ದವನ ತಂಗಿ, ಮಾವ. ಬಸ್ ಸ್ಟ್ಯಾಂಡಲ್ಲಿ ಟಿಕೆಟ್ ಕೌಂಟರ್ನಲ್ಲಿದಾಳೆ. ಸಮುದ್ರದ ದಂಡೇಲಿ ಮೂರೇ ಮೂರು ಊರು ಅವಳ್ದು. ನನಗೊಂದು ಬಂದರು ಬೇಕು, ಅದಕ್ಕೇ."

"ನಿಮ್ಮತ್ತೆ ಅವಳಿಗೆ ಅಭಯ ಕೊಟ್ಟಿದಾಳಂತಲ್ಲ."

"ಕೊಟ್ಟಿದ್ರು. ನೀವು ಸುಮ್ನೆ 'ಇಲ್ಲ' ಒತ್ತಿ. ಆಟದಲ್ಲಿ ನಿಮ್ಮ ನಂಬಿಕೆ ಅಂತ ಒಂದು ಅಂಕ ಇರುತ್ತೆ, ಅದು ಸ್ವಲ್ಪ ಇಳಿಯುತ್ತೆ. ಆಮೇಲೆ ತಾನೇ ಏರುತ್ತೆ, ಯಾರೂ ತಲೆ ಕೆಡಿಸ್ಕೊಳಲ್ಲ."

"ಏನೂ ಒತ್ತದೇ ಇದ್ರೆ?"

"ಸಂಜೆಗೆ ಅದೇ 'ಇಲ್ಲ' ಆಗುತ್ತೆ."

ಸುಮ್ಮನಿರುವುದಕ್ಕೂ ದಾರಿಯಿಲ್ಲವಾಯಿತಲ್ಲ ಎಂದು ಮುದುಕ ಕುರ್ಚಿ ಎಳೆದು ಕೂತ. "ಇಷ್ಟು ದಿನ ಬೇಕಾಗಿರ್ಲಿಲ್ವಾ ನಿಮಗೆ ಬಂದರು?"

"ಅತ್ತೆ ಇದ್ದಿದ್ರೆ ಮುಟ್ತಿರ್ಲಿಲ್ಲ ಮಾವ. ಅವರು ಬಂದೇ ಬರ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಈಗ ಹೇಗೂ..." ಅಳಿಯ ಅಲ್ಲಿಗೇ ಮಾತು ನುಂಗಿಕೊಂಡ. ಒಲೆಯ ಮುಂದಿದ್ದ ಮಗಳು ತಿರುಗಿ ನೋಡಿದಳು.

"ನಾನು ಹಾಗಂದಿದ್ದಲ್ಲ," ಎಂದ ಅಳಿಯ, ಕಿವಿ ಕೆಂಪಾಗಿಸಿಕೊಂಡು. "ನೋಡಿ ಮಾವ, ಅತ್ತೆಯ ಊರಿಗೆ ನಾನು ಯಾವತ್ತೂ ಕೈ ಹಾಕಲ್ಲ. ಬೇಕಾದ್ರೆ ಒಪ್ಪಂದ ಮಾಡ್ಕೊಳೋಣ. ಅವರು ಇಟ್ಟ ಹಾಗೇ ಇರ್ಲಿ. ಆದ್ರೆ ನೀವು 'ಹೌದು' ಒತ್ತಿದ್ರೆ ಯುದ್ಧ ನಿಮ್ಮ ಜೊತೆಗೂ ಆಗುತ್ತೆ. ನನ್ನ ಪಕ್ಷದಲ್ಲಿ ಇನ್ನಿಬ್ಬರಿದಾರೆ, ಅವರು ನನ್ನ ಮಾತು ಕೇಳಲ್ಲ. ಎಲ್ಲಾ ಹೋಗುತ್ತೆ."

"ನೀವೇ ದಂಡು ವಾಪಸ್ ಕರೀರಿ."

"ಕರೆದ್ರೂ ಅವರಿಬ್ಬರು ಬಿಡಲ್ಲ ಮಾವ. ನಾನು ಶುರು ಮಾಡ್ಬಿಟ್ಟೆ. ಈಗ ನಾನು ಹಿಂದೆ ಸರಿದ್ರೆ ಅವಳನ್ನ ಅವರು ತಿಂತಾರೆ, ಅಷ್ಟೇ ವ್ಯತ್ಯಾಸ."

ಮಗಳು ಕೈ ಒರೆಸಿಕೊಂಡು ಬಂದಳು. "ಅಪ್ಪ, ನೀನು 'ಹೌದು' ಗಿವುದು ಒತ್ಬೇಡ. ನಾನೂ ಆಗಾಗ ಹೋಗಿ ನೋಡ್ತಿರ್ತೀನಿ ಚಿನ್ನಿಪಟ್ಟಣಾನ. ಅಮ್ಮ ಅಲ್ಲಿ ನಂಗೋಸ್ಕರ ಒಂದು ತೋಟ ಹಾಕಿದಾಳೆ. ಯಾರೋ ಟಿಕೆಟ್ ಹರಿಯೋಳಿಗೋಸ್ಕರ ಅದನ್ನ ಸುಡ್ತೀಯಾ?"

ಮುದುಕ ಎದ್ದು ಕೋಣೆಗೆ ಹೋದ. ಬಾಗಿಲು ಹಾಕಿಕೊಂಡು ದೇವರ ಮುಂದೆ ಕೂತ. ತಂದೆಯೇ, ಮಾತು ಕೊಟ್ಟವಳು ನಿನ್ನ ಹತ್ತಿರವೇ ಇದ್ದಾಳೆ, ಅವಳನ್ನೇ ಕೇಳಿ ಹೇಳು ಎಂದ. ಹೊರಗೆ ಯಾರೋ ಬಟ್ಟೆ ಒಗೆಯುವ ಸದ್ದು ಮಾತ್ರ ಕೇಳುತ್ತಿತ್ತು. ಕೊಟ್ಟ ಮಾತಿಗೆ ದೇವರೇ ಸಾಕ್ಷಿ ಎಂದು ನಂಬಿ ಬದುಕಿದವನು ಅವನು. ಆಟದಲ್ಲಿ ಕೊಟ್ಟ ಮಾತಿಗೆ ದೇವರು ಸಾಕ್ಷಿ ನಿಲ್ಲುವುದಿಲ್ಲ ಎಂದು ಎಲ್ಲಾದರೂ ಹೇಳಿದೆಯೇ? ಹುಡುಕಿದ. ತನಗೆ ಗೊತ್ತಿದ್ದಷ್ಟರಲ್ಲಿ ಎಲ್ಲೂ ಹೇಳಿರಲಿಲ್ಲ.

ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಮಾತು ಕೊಟ್ಟವಳಿಲ್ಲದಿದ್ದರೇನು, ಮಾತು ಪಡೆದವಳಿದ್ದಾಳಲ್ಲ. ಅವಳೇ ಬಿಟ್ಟುಬಿಟ್ಟರೆ ಯಾರ ತಪ್ಪೂ ಇರುವುದಿಲ್ಲ. ಮಗಳಿಂದ ಗುಬ್ಬಿಗೆ ಬರೆಯುವ ಜಾಗ ಕೇಳಿ ತಿಳಿದುಕೊಂಡು, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದ. "ನಿನಗೆ ಅಭಯ ಕೊಟ್ಟವಳು ತೀರಿಕೊಂಡಳು. ನಾನು ಅವಳ ಗಂಡ. ನನಗೆ ಈ ಆಟ ಬರುವುದಿಲ್ಲ. ಅವಳ ಮಾತಿನಿಂದ ನನ್ನನ್ನು ಬಿಡಿಸಿದರೆ ನಿನಗೆ ಪುಣ್ಯ ಬರುತ್ತದೆ."

ಕೌಂಟರಿನಲ್ಲಿ ಜನ ಕಡಿಮೆಯಿದ್ದರೇನೋ, ಉತ್ತರ ಬೇಗನೆ ಬಂತು.

"ಅಯ್ಯೋ, ಗೊತ್ತಿರ್ಲಿಲ್ಲ ತಾತ. ಅಜ್ಜಿ ಇಷ್ಟು ದಿನ ಬರೀ ನಡೆ ಕಳಿಸ್ತಿದ್ರು, ಮಾತಾಡ್ತಿರ್ಲಿಲ್ಲ. ನನ್ನ ಮೇಲೆ ಮುನಿಸು ಅಂದ್ಕೊಂಡೆ." ಸ್ವಲ್ಪ ಬಿಟ್ಟು ಇನ್ನೊಂದು. "ಬಿಡಿಸ್ದೆ ತಾತ. ಬರ್ಬೇಡಿ. ಆಟ ತಾನೆ, ಪರ್ವಾಗಿಲ್ಲ. ನಾನು ಹೇಗೋ ನೋಡ್ಕೋತೀನಿ."

ಮುದುಕನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಡುಗೆಮನೆಗೆ ಹೋಗಿ, "ಬಿಟ್ಲು ಕಣಮ್ಮ," ಎಂದ. ಮಗಳ ಮುಖ ಅರಳಿತು. ಮಧ್ಯಾಹ್ನ ಹೊಟ್ಟೆ ತುಂಬ ಉಂಡು ಮಲಗಿದ.

ನಿದ್ರೆ ಹತ್ತಲಿಲ್ಲ. ಅವಳ ಮಾತಿನಲ್ಲಿದ್ದ 'ಪರ್ವಾಗಿಲ್ಲ' ಎಂಬುದು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಕಾಡಿತು.

ಮುದುಕ ಕೆಲಸದಲ್ಲಿದ್ದಾಗ ಲಿಫ್ಟ್ ರಿಪೇರಿಯವನು. ಎರಡು ಮಹಡಿಗಳ ನಡುವೆ ನಿಂತುಹೋದ ಲಿಫ್ಟಿನ ಮುಚ್ಚಿದ ಬಾಗಿಲಿಗೆ ಬಾಯಿ ಹಚ್ಚಿ ಒಳಗಿದ್ದವರ ಜೊತೆ ಮಾತಾಡುವುದೇ ಅವನ ಕೆಲಸದ ಅರ್ಧ ಪಾಲು. ಬೈಯುವವರು, ಬಾಗಿಲು ಗುದ್ದುವವರು, ಅಳುವವರು ಇದ್ದರು. ಅವರ ವಿಷಯದಲ್ಲಿ ಅವನಿಗೆ ಚಿಂತೆಯಿರಲಿಲ್ಲ. 'ಪರ್ವಾಗಿಲ್ಲ, ನೀವು ಊಟ ಮುಗಿಸಿ ಬನ್ನಿ' ಎಂದು ಮೆಲ್ಲಗೆ ಹೇಳುವವರು ಇರುತ್ತಿದ್ದರಲ್ಲ, ಅವರ ದನಿ ಕೇಳಿದರೆ ಅವನು ಓಡುತ್ತಿದ್ದ. ಯಾರೂ ಬರುವುದಿಲ್ಲ ಎಂದು ಒಳಗೊಳಗೇ ತೀರ್ಮಾನ ಮಾಡಿಕೊಂಡವರು ಮಾತ್ರ ಹಾಗೆ ಹೇಳುತ್ತಾರೆ ಎಂದು ಅವನಿಗೆ ಗೊತ್ತಿತ್ತು.

ಮತ್ತೆ, ಅವಳಾಗಿ ಬಿಟ್ಟದ್ದೇ? ಸತ್ತವಳ ಹೆಸರು ಹೇಳಿ, ಪುಣ್ಯದ ಆಸೆ ತೋರಿಸಿ ತಾನೇ ಕಿತ್ತುಕೊಂಡದ್ದಲ್ಲವೇ? ಹೀಗೆ ಕೇಳಿದರೆ, ಶತ್ರು ಬಾಗಿಲಲ್ಲಿದ್ದರೂ, ಆ ಮಗು 'ಬಿಡಲ್ಲ' ಎಂದು ಹೇಗೆ ತಾನೇ ಹೇಳೀತು?

ಎದ್ದು ಕೂತ. ಕಿಟಕಿಯ ಬಿಸಿಲು ಇಸ್ತ್ರಿ ಮೇಜಿನ ಕಾಲಿಗಿಳಿದಿತ್ತು. ಎಲ್ಲ ಕಡೆಯೂ ಗೋಡೆ. 'ಇಲ್ಲ' ಎಂದರೆ ಆಕೆಯ ಊರುಗಳು ಉಳಿಯುತ್ತವೆ, ಆಕೆಯ ಮಾತು ಸಾಯುತ್ತದೆ. 'ಹೌದು' ಎಂದರೆ ಮಾತು ಉಳಿಯುತ್ತದೆ, ಆಕೆಯದೆಂದು ಉಳಿದದ್ದೆಲ್ಲ ಸಾಯುತ್ತದೆ. ಉಣ್ಣುವ ಅನ್ನ ಅಳಿಯನದು, ಮಲಗುವ ಕೋಣೆ ಮಗಳದು. ಎದ್ದು ಹೋಗೋಣವೆಂದರೆ ಬೇರೊಂದು ಬಾಗಿಲಿಲ್ಲ.

ಅಳಿಯ ಕೋಣೆಗೆ ಬರುವ ಹೊತ್ತಿಗೆ ಮುದುಕ ಕುರ್ಚಿಯಲ್ಲಿ ಕೂತಿದ್ದ. ಅವನೆದುರಿಗೇ ಕೈ ಮುಂದೆ ಮಾಡಿ 'ಹೌದು' ಒತ್ತಿದ.

ಅಳಿಯ ತೆರೆಯನ್ನೇ ನೋಡಿದ. ಆಮೇಲೆ, "ನಾನು ಕಟ್ಟಿಕೊಟ್ಟ ಹಲ್ಲಲ್ಲೇ ನನ್ನ ಕಚ್ತೀರಲ್ಲ ಮಾವ," ಎಂದು ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು.

"ಕ್ಷಮಿಸಿ ಅಳಿಯಂದ್ರೇ."

"ಕ್ಷಮಿಸೋಕೇನಿದೆ. ಆದ್ರೆ ನಾನು ಸುಳ್ಳುಸುಳ್ಳೇ ಸೋಲಲ್ಲ. ಅತ್ತೆ ಇದ್ದಾಗಲೂ ಸೋತಿಲ್ಲ. ಹಾಗೆ ಸೋತ್ರೆ ಅವರು ಬೈತಿದ್ರು."

"ಸೋಲ್ಬೇಡಿ. ನಾನೂ ಕೇಳಲ್ಲ."

ಮಗಳು ಆ ಹೊತ್ತಿನಿಂದ ತಂದೆಯ ಜೊತೆ ಮಾತು ಬಿಟ್ಟಳು. ತಟ್ಟೆಯನ್ನು ಸದ್ದು ಮಾಡಿ ಇಡುತ್ತಿದ್ದಳು, ಅಷ್ಟೇ.

ಮುದುಕನಿಗೆ ದಂಡು ನಡೆಸುವುದನ್ನು ಕಲಿಸಿದವಳು ಗುಬ್ಬಿ. "ಬಂದ್ಬಿಟ್ರಾ ತಾತ? ನಾನು ಬಿಡಿಸಿದ್ನಲ್ಲ!" ಎಂದು ಬರೆದಳು ಮೊದಲು. ಆಮೇಲೆ ಟಿಕೆಟ್ ಹರಿಯುವ ನಡುನಡುವೆ ಹೇಳಿಕೊಡುತ್ತ ಹೋದಳು. ಕುದುರೆ ಸವಾರರನ್ನು ಹಡಗಿಗೆ ಹತ್ತಿಸಿ, ಇಳಿಸುವುದು ತಿಳಿಯದೆ ಮುದುಕ ಅವರನ್ನು ನಡುನೀರಿನಲ್ಲೇ ಸುತ್ತಿಸಿದಾಗ ಅವಳು ಬರೆದಳು: "ತಾತ, ಅವರಿಗೆ ವಾಂತಿ ಬಂದಿರುತ್ತೆ, ದಡ ಹತ್ತಿಸಿ." ಹೆಂಡತಿ ಹೋದ ಮೇಲೆ ಮುದುಕ ಮೊದಲ ಸಲ ನಕ್ಕದ್ದು ಅಂದು. ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು.

ಮುಂಗೋಪಿ ಮೊದಲು ಬಿತ್ತು. ಬಕೆಟ್ಟುಪುರದ ಸುತ್ತ ಬೆಂಕಿ ಹೊತ್ತಿ, ಊರಿನ ಹೆಸರು ಅಳಿಸಿ, ಗೆದ್ದವರಿಟ್ಟ ಹೆಸರು ಮೂಡಿತು. ಸೋರುವ ಮನೆಯಲ್ಲಿ ಆಕೆ ಮಂಚವನ್ನು ಮೂಲೆಯಿಂದ ಮೂಲೆಗೆ ಎಳೆಯುತ್ತ ನಗುತ್ತಿದ್ದುದನ್ನು ನೆನೆದು ಅವನು ಬಹಳ ಹೊತ್ತು ತೆರೆಯ ಮುಂದೆಯೇ ಕೂತಿದ್ದ. ಚಿನ್ನಿಪಟ್ಟಣ ಬಿದ್ದ ದಿನ ಮಗಳು ಬಾಗಿಲಲ್ಲಿ ನಿಂತು ನೋಡಿ, ಸೆರಗು ಬಾಯಿಗೊತ್ತಿಕೊಂಡು ಹೋದಳು. ಆ ಊರನ್ನು ಗೆದ್ದವನು ಅಳಿಯನಲ್ಲ, ಅವನ ಪಕ್ಷದ ಇನ್ನೊಬ್ಬ. ಆದರೂ ಅಳಿಯ ಅಂದು ಊಟ ಬಿಟ್ಟ.

ಮುದುಕನಿಗೆ ತಿಳಿಯದೆ ಹೋದದ್ದು ಇನ್ನೊಂದಿತ್ತು. 'ಹೌದು' ಎಂದು ಒಮ್ಮೆ ಒತ್ತಿದರೆ ಮುಗಿಯಿತು ಎಂದುಕೊಂಡಿದ್ದ. ಮುಗಿಯಲಿಲ್ಲ. ಊರುಗಳು ಬೀಳುತ್ತಿದ್ದಂತೆ ಆಟ ದಿನವೂ ಸಂಧಾನ ಮುಂದಿಡುತ್ತಿತ್ತು. ಗುಬ್ಬಿಯನ್ನು ಕೈಬಿಡಿ, ಉಳಿದದ್ದು ನಿಮಗಿರಲಿ. ಮಾತು ಉಳಿಸಿಕೊಳ್ಳುವಿರಾ? ದಿನದಿನವೂ ಅದೇ ಪ್ರಶ್ನೆ. ದಿನದಿನವೂ ಕೊಡಬೇಕಾದ ಬೆಲೆ ಮಾತ್ರ ಬೇರೆ. ಪ್ರಾರ್ಥನೆ ಮುಗಿಸಿ ಆ ಕುರ್ಚಿಗೆ ಬರುವಷ್ಟರಲ್ಲಿ ಅವನ ಅಂಗೈ ಬೆವೆತಿರುತ್ತಿತ್ತು.

ಕೊನೆಗೆ ತವರು ಒಂದು ಉಳಿಯಿತು. ಗುಬ್ಬಿಗೂ ಒಂದೇ ಊರು. ಎರಡನ್ನೂ ಸುತ್ತಲಿಂದ ಮುತ್ತಿದ್ದರು. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯೂ ಮುಚ್ಚಿತ್ತು.

ಮುದುಕ ಆ ದಿನ ಬೆಳಗಿನಿಂದ ಕುರ್ಚಿ ಬಿಟ್ಟು ಏಳಲಿಲ್ಲ, ಗುಂಡಿಯನ್ನೂ ಮುಟ್ಟಲಿಲ್ಲ. ಮಗಳು ಒಗೆದ ಬಟ್ಟೆಯ ರಾಶಿ ತಂದು ಇಸ್ತ್ರಿ ಮೇಜಿನ ಮೇಲೆ ಹಾಕಿದಳು. ಇಸ್ತ್ರಿ ಹಾಕಲಿಲ್ಲ. ಸ್ಟೂಲು ಎಳೆದುಕೊಂಡು ಪಕ್ಕಕ್ಕೆ ಕೂತಳು.

"ಇದು ಅಜ್ಜಿ ಮನೆ ಅಲ್ವಾ? ಅಮ್ಮ ಬಾವಿ ಕೂಡ ಇಟ್ಟಿದಾಳೆ ನೋಡು."

"ಹ್ಞೂಂ."

"ಇದಾದ ಮೇಲೆ ಏನಿದೆ?"

"ಇದಾದ ಮೇಲೆ ಏನೂ ಇಲ್ಲ ಕಣಮ್ಮ."

"ಆ ಹುಡುಗಿ ಏನಂತಾಳೆ?"

"ಬೆಳಿಗ್ಗೆಯಿಂದ ಏನೂ ಅಂದಿಲ್ಲ. ಕಾಯ್ತಿದಾಳೆ."

ಮಗಳು ಬಾವಿಯನ್ನೇ ನೋಡುತ್ತ ಕೂತಿದ್ದಳು. ಹೊರಗಿನ ಕೋಣೆಯಲ್ಲಿ ಅಳಿಯ ಚಪ್ಪಲಿ ಬಿಟ್ಟ ಸದ್ದಾಯಿತು. ಆದರೆ ಅವನು ಒಳಗೆ ಬರಲಿಲ್ಲ.

"ಹೊತ್ತಾಯ್ತು," ಎಂದಳು ಮಗಳು. "'ಹೌದು' ಒತ್ತು ಅಪ್ಪ. ಆ ಹುಡುಗೀನ ಕಾಯಿಸ್ಬೇಡ ಪಾಪ."

ಮುದುಕ ಪಂಚೆಗೆ ಕೈ ಒರೆಸಿಕೊಂಡ.